ದಾಖಲೆಗಳು ಕಂಪ್ಯೂಟರ್‌ಗೆ ಬಂದ ಮೇಲೆ ಸರ್ಕಾರಿ ಆಸ್ಪತ್ರೆಯ ಕೆಲಸ ಹಗುರವಾಯಿತೇ?

ಪ್ರಶ್ನೆ: ರೋಗಿಗಳ ದಾಖಲೆಗಳನ್ನು ವಿದ್ಯುನ್ಮಾನ ರೂಪಕ್ಕೆ ತಂದರೆ ಸಾರ್ವಜನಿಕ ಆಸ್ಪತ್ರೆಗಳ ಸಿಬ್ಬಂದಿಯ ಹೊರೆ ಇಳಿಯುತ್ತದೆ ಎನ್ನುತ್ತಾರೆ. ಆದರೆ ವೈದ್ಯರು ರೋಗಿಯ ಮುಖಕ್ಕಿಂತ ಪರದೆಯನ್ನೇ ಹೆಚ್ಚು ನೋಡುತ್ತಾರೆಂಬ ದೂರೂ ಇದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ವಾರ್ಡ್ ಶುಶ್ರೂಷಕಿ): ಔಷಧದ ವಿಷಯದಲ್ಲಿ ಲಾಭವಿರುವುದು ನಿಜ. ಅರ್ಥವಾಗದ ಕೈಬರಹವನ್ನು ಊಹಿಸುವ ಪಾಡು ತಪ್ಪಿದೆ. ಪೆನಿಸಿಲಿನ್ ಒಗ್ಗದವರಿಗೆ ಅದೇ ಗುಂಪಿನ ಅಮಾಕ್ಸಿಸಿಲಿನ್ ಬರೆದರೆ ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ. ತೊಡಕೆಂದರೆ, ಕ್ಷುಲ್ಲಕ ಸೂಚನೆಗಳೂ ಅದೇ ರೀತಿ ಮೇಲಿಂದ ಮೇಲೆ ಬರುವುದರಿಂದ, ರಾತ್ರಿ ಪಾಳಿಯಲ್ಲಿ ದಣಿದವರಿಗೆ ಅವನ್ನು ಓದದೆಯೇ ಮುಚ್ಚುವ ಅಭ್ಯಾಸವಾಗಿಬಿಡುತ್ತದೆ, ನಿಜವಾದ ಅಪಾಯದ ಸೂಚನೆಯೂ ಅವುಗಳ ನಡುವೆ ಕಳೆದುಹೋಗುತ್ತದೆ.

ಉತ್ತರ 2 (ವೈದ್ಯ): ದೂರಿಗೆ ಆಧಾರವಿದೆ. ಅಮೆರಿಕದ ಹೊರರೋಗಿ ಚಿಕಿತ್ಸಾಲಯಗಳ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ರೋಗಿಗಳೊಂದಿಗೆ ಕಳೆದ ಪ್ರತಿ 1 ಗಂಟೆಗೆ ವೈದ್ಯರು ಸುಮಾರು 2 ಗಂಟೆಗಳನ್ನು ದಾಖಲೆ ಮತ್ತು ಮೇಜಿನ ಕೆಲಸಕ್ಕೆ ವ್ಯಯಿಸುತ್ತಿದ್ದರು. ಇನ್ನೊಂದು ಪಿಡುಗು ಕಾಪಿ-ಪೇಸ್ಟ್. ನಿನ್ನೆಯ ಟಿಪ್ಪಣಿಯನ್ನೇ ಇಂದೂ ಅಂಟಿಸಿದರೆ, ಎಂದೋ ತೆಗೆದ ಕ್ಯಾತಿಟರ್ (ದೇಹದೊಳಗೆ ಇಳಿಸುವ ಕೊಳವೆ) ಕಡತದಲ್ಲಿ ಮಾತ್ರ ಹಾಗೆಯೇ ಉಳಿದಿರುತ್ತದೆ!

ಉತ್ತರ 3 (ದಾಖಲೆ ವಿಭಾಗ): ರೋಗಿಗಳಿಗಾಗುವ ದೊಡ್ಡ ಅನುಕೂಲವೆಂದರೆ ಹಳೆಯ ವರದಿಗಳು ಕೂಡಲೇ ಸಿಗುವುದು, ಅದೇ ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸುವ ಪ್ರಮೇಯ ಕಡಿಮೆಯಾಗುತ್ತದೆ. ಆದರೆ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿದ 2017ರ ವನ್ನಾಕ್ರೈ ಸೈಬರ್ ದಾಳಿಯಲ್ಲಿ ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯ ಸಾವಿರಾರು ಭೇಟಿಗಳು ರದ್ದಾದುದನ್ನು ನೆನೆದರೆ, ಪ್ರತಿ ವಾರ್ಡಿನಲ್ಲೂ ಮುದ್ರಿತ ನಮೂನೆಗಳ ಒಂದು ಕಟ್ಟು ಸಿದ್ಧವಿರಲೇಬೇಕು ಮತ್ತು ಅವನ್ನು ತುಂಬುವ ತರಬೇತಿ ಹೊಸಬರಿಗೂ ಸಿಗಬೇಕು.