ಪೈ ಬೋರ್ಡ್‌ಗೆ ಸೀರಿಯಲ್ ಕೇಬಲ್ ಹಾಕಿದರೂ ಪರದೆ ಖಾಲಿ

ಪ್ರಶ್ನೆ (ಮಂಡ್ಯ): ರಾಸ್ಪ್‌ಬೆರಿ ಪೈ 4 (ಪುಟ್ಟ ಕಂಪ್ಯೂಟರ್ ಬೋರ್ಡ್) ಇದೆ, ಮಾನಿಟರ್ ಇಲ್ಲ. ಮೈಸೂರಿನಿಂದ ತಂದ ನಾಲ್ಕು ತಂತಿಯ ಯುಎಸ್‌ಬಿ ಸೀರಿಯಲ್ ಕೇಬಲ್ ಸಿಗಿಸಿ ವಿಂಡೋಸ್ 11ರಲ್ಲಿ ಪುಟ್ಟಿ (PuTTY, ಸೀರಿಯಲ್‌ನಲ್ಲಿ ಬಂದದ್ದನ್ನು ತೋರಿಸುವ ತಂತ್ರಾಂಶ) ತೆರೆದರೆ ಏನೂ ಬರುತ್ತಿಲ್ಲ. ಕಾಲೇಜ್ ಲ್ಯಾಬ್‌ನ ಹಳೇ ಡೆಸ್ಕ್‌ಟಾಪ್‌ನಲ್ಲಿ 9 ಪಿನ್ ಪೋರ್ಟ್ ಇದೆ, ನೇರ ಅದಕ್ಕೇ ಹಾಕಬಹುದಾ?

ಉತ್ತರ: 9 ಪಿನ್‌ಗೆ ನೇರ ಹಾಕಲೇಬೇಡಿ, ಬೋರ್ಡ್ ಹೋಗುತ್ತೆ. ಅದು ಆರ್‌ಎಸ್-232 ಅನ್ನೋ ಹಳೇ ಸೀರಿಯಲ್ ಪದ್ಧತಿಯದು, ಪ್ಲಸ್‌ಗೂ ಮೈನಸ್‌ಗೂ 15 ವೋಲ್ಟ್‌ವರೆಗೆ ಓಡಾಡುತ್ತೆ. ಪೈ ಪಿನ್ 3.3 ವೋಲ್ಟ್‌ನದು, 5 ವೋಲ್ಟನ್ನೂ ತಡೆಯಲ್ಲ. ಹಾಕಲೇಬೇಕು ಅಂದರೆ ನಡುವೆ ವೋಲ್ಟೇಜ್ ಹೊಂದಿಸೋ ಮ್ಯಾಕ್ಸ್3232 ಚಿಪ್ ಇರಲಿ, ವಿದ್ಯುತ್ 3.3 ವೋಲ್ಟ್ ಕೊಡಿ. ಮ್ಯಾಕ್ಸ್232 ಬೇಡ, ಅದು 5 ವೋಲ್ಟ್‌ನದು.

ಈಗ ನಿಮ್ಮ ಕೇಬಲ್. ಮೊದಲು ಬೋರ್ಡ್‌ನಿಂದ ಬಿಚ್ಚಿ, ಬಿಳಿ ಹಸಿರು ಎರಡನ್ನೂ ಒಂದಕ್ಕೊಂದು ಸೇರಿಸಿ ಪುಟ್ಟಿಯಲ್ಲಿ ಟೈಪ್ ಮಾಡಿ. ಒತ್ತಿದ ಅಕ್ಷರ ವಾಪಸ್ ಬಂದರೆ ಕೇಬಲ್, ಡ್ರೈವರ್ ಎರಡೂ ಸರಿ. ಬರದಿದ್ದರೆ ಡಿವೈಸ್ ಮ್ಯಾನೇಜರ್ ನೋಡಿ. ಇಂಥ ಕೇಬಲ್‌ಗಳಲ್ಲಿ ಹೆಚ್ಚಾಗಿ ಪಿಎಲ್2303 ಚಿಪ್ ಇರುತ್ತೆ. ಅದರ ಹಳೇ ತಳಿಯನ್ನೂ ನಕಲನ್ನೂ ಹೊಸ ಡ್ರೈವರ್ ಹತ್ತಿರ ಸೇರಿಸಲ್ಲ, ಹಳದಿ ತ್ರಿಕೋನ ತೋರಿಸುತ್ತೆ. ಹಾಗಿದ್ದರೆ ಗುದ್ದಾಡಬೇಡಿ, ಸಿಪಿ2102 ಚಿಪ್ ಇರೋ ಕೇಬಲ್ ತಗೊಳ್ಳಿ.

ಸಾಮಾನ್ಯ ಬಣ್ಣದ ಲೆಕ್ಕ: ಕಪ್ಪು (ಗ್ರೌಂಡ್) 6ನೇ ಪಿನ್, ಬಿಳಿ 8, ಹಸಿರು 10. ಬೋರ್ಡ್ ಕಳಿಸೋದನ್ನ ಕೇಬಲ್ ಕೇಳಬೇಕು, ಅದಕ್ಕೇ ಟಿಎಕ್ಸ್ (ಕಳಿಸೋದು), ಆರ್‌ಎಕ್ಸ್ (ಕೇಳೋದು) ಅಡ್ಡಡ್ಡ. ಕೆಂಪು 5 ವೋಲ್ಟ್. ಪೈಗೆ ಅದರದೇ ಅಡಾಪ್ಟರ್ ಇರುವಾಗ ಕೆಂಪನ್ನು ಮುಟ್ಟಬೇಡಿ, ಟೇಪ್ ಸುತ್ತಿಡಿ. ಎಸ್‌ಡಿ ಕಾರ್ಡ್‌ನ ಕಾನ್ಫಿಗ್ ಫೈಲ್‌ನಲ್ಲಿ 'ಎನೇಬಲ್ ಯುಆರ್ಟ್' 1 (enable_uart=1) ಇರಬೇಕು, ಪೈ 4ರಲ್ಲಿ ಇದಿಲ್ಲದೆ ಸೊಲ್ಲೇ ಇಲ್ಲ. ಪುಟ್ಟಿಯ ವೇಗ 9600ಕ್ಕೇ ನಿಂತಿರುತ್ತೆ, 115200 ಮಾಡಿ.

ಪ್ರಶ್ನಿಸಿದವರು: ಬಂತು ಸಾರ್! ಲಾಗಿನ್ ಕಾಣ್ತಿದೆ. ಆದರೆ ಟೈಪ್ ಮಾಡಿದ್ದು ಹೋಗ್ತಿಲ್ಲ.

ಉತ್ತರ: ಹಸಿರು ಒಂದು ಪಿನ್ ಜಾರಿ 12ಕ್ಕೆ ಕೂತಿರಬೇಕು, ಅಂಚಿನಿಂದ ಎಣಿಸಿ ನೋಡಿ. ಸರಿಯಿದ್ದರೆ ಪುಟ್ಟಿಯಲ್ಲಿ ಫ್ಲೋ ಕಂಟ್ರೋಲ್ 'None' ಮಾಡಿ.

ಇನ್ನೊಬ್ಬರು (ಮೈಸೂರು): ಲಿನಕ್ಸ್‌ನವರು ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಕೊಡೋ 'ಡಯಲ್‌ಔಟ್' (dialout) ಗುಂಪಿಗೆ ಸೇರಿ ಒಮ್ಮೆ ಲಾಗ್‌ಔಟ್ ಆಗಿ, ಇಲ್ಲದಿದ್ದರೆ ಪರ್ಮಿಷನ್ ಇಲ್ಲ ಅನ್ನುತ್ತೆ. ರಾಕ್‌ಚಿಪ್ ಪ್ರೊಸೆಸರ್‌ನ ಬೋರ್ಡ್‌ನಲ್ಲಿ ಬರೀ ಕಸದ ಅಕ್ಷರ ಬಂದರೆ ವೇಗ 1500000 ಇಟ್ಟು ನೋಡಿ. ಹಳೇ ಸಿಪಿ2102 ಅಷ್ಟು ಓಡಲ್ಲ, 1000000ಕ್ಕೇ ಸುಸ್ತು, ಸಿಎಚ್340 ಚಿಪ್‌ನ ಕೇಬಲ್ ಆಗುತ್ತೆ.