ಮನೆಯಲ್ಲಿ ಒಬ್ಬರೇ ಭಾರ ಎತ್ತುವಾಗ: ತರಬೇತುದಾರರಿಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ:
ಸರ್, ನನಗೆ 38 ವರ್ಷ. ಎರಡು ವರ್ಷ ಜಿಮ್‌ಗೆ ಹೋಗಿದ್ದೇನೆ. ಈಗ ಕೆಲಸದ ಪಾಳಿ ಬದಲಾಗಿ ಬೆಳಗಿನ ಜಾವ ಐದು ಗಂಟೆ ಬಿಟ್ಟರೆ ಬೇರೆ ಹೊತ್ತು ಸಿಗುತ್ತಿಲ್ಲ. ಮನೆಯಲ್ಲಿ 10 ಅಡಿ ಅಗಲ, 11 ಅಡಿ ಉದ್ದದ ಕೋಣೆಯೊಂದು ಖಾಲಿ ಇದೆ. 20 ಕೆಜಿಯ ಉದ್ದ ಬಾರ್, 80 ಕೆಜಿ ಪ್ಲೇಟ್, ಬಾರ್ ಇಡಲು ಎರಡು ಕಂಬ ಇರುವ ಒಂದು ಬೆಂಚ್ ತಗೊಂಡಿದ್ದೇನೆ. ಜಿಮ್‌ನಲ್ಲಿ 60 ಕೆಜಿ ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ಒತ್ತುವುದು) ಎಂಟು ರೆಪ್, ಅಂದರೆ ಎಂಟು ಸಲ ಮಾಡುತ್ತಿದ್ದೆ, ಆದರೆ ಅಲ್ಲಿ ತಲೆ ಹತ್ತಿರ ಯಾರಾದರೂ ನಿಂತಿರುತ್ತಿದ್ದರು. ಇಲ್ಲಿ ಆ ಹೊತ್ತಿಗೆ ಎಲ್ಲರೂ ನಿದ್ದೆಯಲ್ಲಿರುತ್ತಾರೆ. ಬಾರ್ ಎದೆ ಮೇಲೆ ಸಿಕ್ಕಿಕೊಂಡರೆ ಏನು ಗತಿ ಅನ್ನುವ ಭಯ ಇದೆ. ಒಬ್ಬನೇ ಮಾಡಬಹುದಾ? ಇನ್ನೇನು ತಗೋಬೇಕು?

ಉತ್ತರ:
ಮಾಡಬಹುದು. ಆದರೆ ಈಗ ನಿಮ್ಮ ಹತ್ತಿರ ಇರುವ ಬೆಂಚ್‌ನಲ್ಲಿ 60 ಕೆಜಿ ಬೇಡ. ನಿಮ್ಮ ಭಯ ನ್ಯಾಯವಾದದ್ದೇ. ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್ ಕೈಕೊಟ್ಟರೆ ಬಾರ್ ನೆಲಕ್ಕೆ ಬೀಳುತ್ತದೆ, ಅಷ್ಟೇ. ಬೆಂಚ್ ಪ್ರೆಸ್ ಕೈಕೊಟ್ಟರೆ ನಿಮಗೂ ನೆಲಕ್ಕೂ ನಡುವೆ ಬೆಂಚ್ ಇರುತ್ತದೆ, ಬಾರ್ ಎದೆ ಮೇಲೋ ಕುತ್ತಿಗೆ ಮೇಲೋ ನಿಲ್ಲುತ್ತದೆ.

ನನಗೆ 22 ವರ್ಷ ಇದ್ದಾಗ ಹೀಗೇ ಒಂದು ಬೆಳಿಗ್ಗೆ 70 ಕೆಜಿ ಎದೆ ಮೇಲೆ ನಿಂತುಹೋಯಿತು. ಎರಡೂ ತುದಿಗೆ ಪ್ಲೇಟ್ ಜಾರದಂತೆ ಹಿಡಿಯುವ ಕ್ಲಿಪ್ ಬಿಗಿಯಾಗಿ ಹಾಕಿದ್ದೆ, ಆದ್ದರಿಂದ ವಾಲಿಸಿ ಪ್ಲೇಟ್ ಬೀಳಿಸುವ ದಾರಿ ಇರಲಿಲ್ಲ. ಕೂಗೋಣ ಎಂದರೆ ಉಸಿರು ಒಳಗೆ ಹೋಗುತ್ತಿರಲಿಲ್ಲ. ಕೊನೆಗೆ ಬಾರನ್ನು ಹೊಟ್ಟೆ ಮೇಲಿಂದ ಸೊಂಟದವರೆಗೆ ಉರುಳಿಸಿ ಎದ್ದು ಕೂತೆ. ಎದೆ, ಹೊಟ್ಟೆ ಎರಡು ವಾರ ನೀಲಿಗಟ್ಟಿತ್ತು. ಅಂದಿನಿಂದ ನನ್ನ ಹತ್ತಿರ ಬರುವವರಿಗೆ ಭಾರ ಎತ್ತುವುದಕ್ಕಿಂತ ಮೊದಲು ಎತ್ತಲಾಗದಿದ್ದರೆ ಹೇಗೆ ಬಿಡುವುದು ಎಂದು ಕಲಿಸುತ್ತೇನೆ.

ನೀವು ಮುಂದೆ ತಗೋಬೇಕಾದದ್ದು ಒಂದೇ: ಕೈ ಸೋತಾಗ ಬಾರನ್ನು ತಡೆದು ಹಿಡಿಯುವ ಅಡ್ಡ ಸೇಫ್ಟಿ ರಾಡ್ ಇರುವ ಕಂಬಗಳ ಚೌಕಟ್ಟು, ಅಂದರೆ ರ್‍ಯಾಕ್. ಹೆಚ್ಚು ಪ್ಲೇಟ್ ಬೇಡ, ಯಂತ್ರ ಬೇಡ. ರ್‍ಯಾಕ್ ಬರುವವರೆಗೆ ಎದೆಗೆ ಡಂಬೆಲ್ ಸಾಕು.

ರಾಡ್ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನೇ ಬಹಳ ಜನ ತಪ್ಪುತ್ತಾರೆ. ಬೆಂಚ್ ಮೇಲೆ ಮಲಗಿ, ಭುಜದ ಹಲಗೆ ಹಿಂದಕ್ಕೆಳೆದು, ಎದೆ ಉಬ್ಬಿಸಿ, ಖಾಲಿ ಬಾರನ್ನು ಎದೆಗೆ ತಾಗಿಸಿ. ಆಗ ಬಾರ್ ರಾಡ್‌ಗಿಂತ ಒಂದೆರಡು ಸೆಂಟಿಮೀಟರ್ ಮೇಲಿರಬೇಕು. ಈಗ ಉಸಿರು ಬಿಟ್ಟು ಬೆನ್ನನ್ನು ಬೆಂಚಿಗೆ ಚಪ್ಪಟೆ ಮಾಡಿ. ಎದೆ ಇಳಿಯುತ್ತದೆ, ಬಾರ್ ಬಂದು ರಾಡ್ ಮೇಲೆ ಕೂರುತ್ತದೆ, ಎದೆಯ ಮೇಲಿನ ಒತ್ತಡ ಹೋಗುತ್ತದೆ. ಅಲ್ಲಿಂದ ಪಕ್ಕಕ್ಕೆ ಜಾರಿ ಹೊರಬರಬಹುದು. ಆಮೇಲೆ ಅದೇ ಖಾಲಿ ಬಾರನ್ನು ರಾಡ್ ಮೇಲೆಯೇ ಗಂಟಲಿನ ನೇರಕ್ಕೆ ಉರುಳಿಸಿ ನೋಡಿ. ಗಂಟಲಿಗೆ ತಾಗಿದರೆ ರಾಡ್ ತಗ್ಗಾಗಿದೆ ಎಂದರ್ಥ.

ರ್‍ಯಾಕ್‌ನ ತೂತುಗಳು ಸಾಮಾನ್ಯವಾಗಿ 5 ಸೆಂಟಿಮೀಟರ್‌ಗೆ ಒಂದರಂತೆ ಇರುತ್ತವೆ. ಒಂದು ತೂತು ತಗ್ಗು, ಮೇಲಿನದು ಎತ್ತರ ಎಂದಾದರೆ ಬೆಂಚಿನ ಎಲ್ಲ ಕಾಲೂ ಕೂರುವಷ್ಟು ಅಗಲದ ಗಟ್ಟಿ ಪ್ಲೈವುಡ್ ಹಲಗೆಯನ್ನು ಕೆಳಗೆ ಹಾಕಿ ಬೆಂಚನ್ನೇ ಎತ್ತರಿಸಿ. ಅಲ್ಲಾಡಬಾರದು, ಜಾರಬಾರದು.

ಕೋಣೆಯ ವಿಷಯ. ನಿಮ್ಮ ಬಾರ್ 20 ಕೆಜಿಯ ಅಳತೆಯದಾದರೆ ಉದ್ದ 2.2 ಮೀಟರ್. 10 ಅಡಿ ಅಗಲಕ್ಕೆ ಅಡ್ಡ ಇಟ್ಟರೆ ಎರಡೂ ಕಡೆ ಸುಮಾರು 40 ಸೆಂಟಿಮೀಟರ್ ಮಾತ್ರ ಉಳಿಯುತ್ತದೆ, ಪ್ಲೇಟ್ ಹಿಡಿದು ನಿಲ್ಲಲು ಅದು ಸಾಲದು. 11 ಅಡಿಯ ಉದ್ದಕ್ಕೆ ಹಾಕಿದರೆ ಪ್ರತಿ ಕಡೆ 55 ಸೆಂಟಿಮೀಟರ್ ದಾಟುತ್ತದೆ. ಹಾಗೇ ಹಾಕಿ.

ಪ್ರಶ್ನೆ:
ತುಂಬಾ ಥ್ಯಾಂಕ್ಸ್ ಸರ್. ರ್‍ಯಾಕ್ ಬರೋದಕ್ಕೆ ಇನ್ನೊಂದು ತಿಂಗಳಾಗಬಹುದು. ಅಲ್ಲಿಯವರೆಗೆ ಕ್ಲಿಪ್ ಹಾಕದೆ, ಕಡಿಮೆ ಭಾರದಲ್ಲಿ ಇದೇ ಬೆಂಚ್‌ನಲ್ಲಿ ಮಾಡಿದರೆ?

ಉತ್ತರ:
ಡಂಬೆಲ್ ಇಲ್ಲವೇ ಇಲ್ಲ ಎಂದಾದರೆ 30–35 ಕೆಜಿ ಮೀರದೆ ಮಾಡಿ, ಇನ್ನೂ ನಾಲ್ಕೈದು ರೆಪ್ ಆಗುತ್ತದೆ ಎನ್ನುವಾಗಲೇ ನಿಲ್ಲಿಸಿ. ಕ್ಲಿಪ್ ಹಾಕಬೇಡಿ. ಸಿಕ್ಕಿಕೊಂಡರೆ ಒಂದು ಕಡೆಗೆ ವಾಲಿಸಿದಾಗ ಆ ಕಡೆಯ ಪ್ಲೇಟ್ ಜಾರಿ ಬೀಳುತ್ತದೆ. ಆದರೆ ಆ ಕ್ಷಣಕ್ಕೇ ಇನ್ನೊಂದು ಕಡೆ ಭಾರವಾಗಿ ಬಾರ್ ಸರಕ್ಕನೆ ತಿರುಗಿ ಬಡಿಯುತ್ತದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಬಾರನ್ನು ಬಿಡದೆ ಗಟ್ಟಿಯಾಗಿ ಹಿಡಿದಿರಬೇಕು. ಇದು ತೀರಾ ಗತಿ ಕೆಟ್ಟಾಗಿನ ಉಪಾಯ, ಇದನ್ನೇ ನಂಬಿ ಭಾರ ಏರಿಸಬೇಡಿ. ಹೆಬ್ಬೆರಳನ್ನು ಬಾರ್ ಸುತ್ತ ತಂದೇ ಹಿಡಿಯಿರಿ. ಹೆಬ್ಬೆರಳು ಬೇರೆ ಬೆರಳುಗಳ ಪಕ್ಕದಲ್ಲೇ ಇದ್ದರೆ, ಬೆವರಿದ ಕೈಯಿಂದ ಬಾರ್ ಜಾರಿ ನೇರ ಎದೆಗೆ ಬೀಳುತ್ತದೆ.

ಇನ್ನೊಂದು. ಸೆಟ್ (ಒಂದು ಸುತ್ತಿನ ರೆಪ್‌ಗಳು) ಮುಗಿದ ಮೇಲೆ ಒಂದೇ ಕಡೆಯ ಪ್ಲೇಟ್‌ಗಳನ್ನೆಲ್ಲ ತೆಗೆಯಬೇಡಿ. ನಿಮ್ಮ ಬೆಂಚಿನ ಕಂಬಗಳು ಹತ್ತಿರ ಹತ್ತಿರ ಇದ್ದರೆ ಪ್ಲೇಟ್‌ನ ಭಾರ ಕಂಬದಿಂದ ಬಹಳ ಹೊರಗೆ ತೂಗುತ್ತಿರುತ್ತದೆ. ಎಡಗಡೆ ಖಾಲಿಯಾಗಿ ಬಲಗಡೆ 15 ಕೆಜಿ ಉಳಿದರೂ ಬಾರ್ ಮಗುಚಬಹುದು, ಆ ಎಡ ತುದಿ ನಿಮ್ಮ ಮುಖದ ಮಟ್ಟಕ್ಕೇ ಮೇಲೇಳುತ್ತದೆ. ಎಡದಿಂದ ಒಂದು, ಬಲದಿಂದ ಒಂದು, ಹೀಗೆಯೇ ತೆಗೆಯಿರಿ. ಹಾಕುವಾಗಲೂ ಇದೇ.

ಪ್ರಶ್ನೆ:
ನಮಸ್ತೆ ಸರ್. ನನ್ನ ಹತ್ತಿರ ಒಂದು ಜೊತೆ ಡಂಬೆಲ್ ಮತ್ತು ರಬ್ಬರ್ ಬ್ಯಾಂಡ್‌ಗಳಿವೆ. ಮಗಳಿಗೆ ನಾಲ್ಕು ವರ್ಷ, ನಾನು ವ್ಯಾಯಾಮ ಮಾಡುವಾಗ ಓಡಿ ಬಂದುಬಿಡುತ್ತಾಳೆ. ಬಾಗಿಲು ಹಾಕಿಕೊಂಡೇ ಮಾಡಬೇಕಾ?

ಉತ್ತರ:
ಬಾಗಿಲು ಹಾಕಿ ಮೇಡಂ, ಆದರೆ ಒಳಗಿನಿಂದ ಚಿಲಕ ಹಾಕಬೇಡಿ. ನಿಮಗೇ ಏನಾದರೂ ಆದರೆ ಹೊರಗಿನವರು ಒಳಗೆ ಬರುವಂತಿರಬೇಕು. ಬಾಗಿಲ ಹೊರಗಡೆ, ಮಗುವಿಗೆ ಎಟುಕದ ಎತ್ತರದಲ್ಲಿ ಒಂದು ಕೊಂಡಿ ಹಾಕಿಸಿ. ಮನೆಯ ದೊಡ್ಡವರೊಬ್ಬರು ಮಗುವನ್ನು ನೋಡಿಕೊಳ್ಳುತ್ತಾ ಹೊರಗಿನಿಂದ ಅದನ್ನು ಹಾಕಿಕೊಂಡರೆ ಎರಡೂ ಕೆಲಸ ಆಗುತ್ತದೆ. ಅಂಥವರು ಇಲ್ಲದ ಹೊತ್ತಿನಲ್ಲಿ ಮಗು ಮಲಗಿದ ಮೇಲೆಯೇ ಮಾಡಿ. ಫೋನ್ ಕೈಗೆಟುಕುವ ಹಾಗೆ ನೆಲದ ಮೇಲಿರಲಿ, ಮೇಜಿನ ಮೇಲಲ್ಲ.

ಡಂಬೆಲ್‌ಗಳನ್ನು ಎತ್ತರದಲ್ಲಿ ಸಾಲಾಗಿ ಜೋಡಿಸಿಡುವ ಬದಲು ನೆಲದಲ್ಲೇ ಮೂಲೆಯಲ್ಲಿಡಿ. ದುಂಡನೆಯ ಡಂಬೆಲ್ ಉರುಳುತ್ತದೆ, ಆರು ಮೂಲೆಯದು ಉರುಳುವುದಿಲ್ಲ. ಮಕ್ಕಳ ಬೆರಳು ಜಜ್ಜಿಹೋಗುವುದು ಎತ್ತುವಾಗಲ್ಲ, ನಾವು ಮರೆತು ಇಟ್ಟುಹೋದ ಮೇಲೆ. ನಿಮ್ಮದು ತಿರುಪು ತಿರುಗಿಸಿ ಪ್ಲೇಟ್ ಬದಲಿಸುವ ಡಂಬೆಲ್ ಆದರೆ ಪ್ರತಿ ಸೆಟ್‌ಗೂ ಮೊದಲು ತಿರುಪನ್ನು ಕೈಯಲ್ಲಿ ಬಿಗಿ ಮಾಡಿ. ತಲೆಯ ಮೇಲೆ ಎತ್ತಿದಾಗ ಅದು ಸಡಿಲವಾಗಿದ್ದರೆ ಅನಾಹುತ.

ಬ್ಯಾಂಡನ್ನು ವಾರಕ್ಕೊಮ್ಮೆ ಬೆಳಕಿನಲ್ಲಿ ಎಳೆದು ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಎಸೆಯಿರಿ. ಬಿಸಿಲು ಬೀಳುವ ಕಿಟಕಿಯಲ್ಲಿ ನೇತುಹಾಕಿದರೆ ರಬ್ಬರ್ ಬೇಗ ಹಾಳಾಗುತ್ತದೆ. ಮುಖದ ಕಡೆಗೆ ಎಳೆಯುವ ವ್ಯಾಯಾಮಕ್ಕೆ ಹಳೆಯ ಬ್ಯಾಂಡ್ ಬೇಡವೇ ಬೇಡ, ಕಣ್ಣಿಗೆ ಹೊಡೆದರೆ ಕಣ್ಣೇ ಹೋಗಬಹುದು.

ಎದೆಗೆ ನೆಲದ ಮೇಲೆ ಮಲಗಿ ಡಂಬೆಲ್ ಪ್ರೆಸ್ ಮಾಡಿ. ಮೊಣಕೈ ನೆಲಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ, ಸೋತರೆ ಪಕ್ಕಕ್ಕೆ ಇಳಿಸಿದರಾಯಿತು. ಒಬ್ಬರೇ ಮಾಡುವವರಿಗೆ ಇದಕ್ಕಿಂತ ನೆಮ್ಮದಿಯ ವ್ಯಾಯಾಮ ಕಡಿಮೆ.

ಪ್ರಶ್ನೆ:
ನನಗೆ 56. ಬಿಪಿ ಮಾತ್ರೆ ತಗೋತೀನಿ. ಭಾರ ಎತ್ತುವಾಗ ಉಸಿರು ಬಿಗಿಹಿಡೀಬೇಕು ಅಂತ ಮಗ ಹೇಳ್ತಾನೆ. ಹೌದಾ?

ಉತ್ತರ:
ನಿಮಗೆ ಅದು ಬೇಡ ಸರ್. ಉಸಿರು ಕಟ್ಟಿ ಹೊಟ್ಟೆ ಬಿಗಿ ಮಾಡಿದರೆ ಬೆನ್ನಿಗೆ ಆಸರೆ ಸಿಗುತ್ತದೆ ನಿಜ, ಆದರೆ ಆ ಕೆಲವು ಸೆಕೆಂಡು ರಕ್ತದೊತ್ತಡ ವಿಪರೀತ ಏರುತ್ತದೆ. ನೀವು ಎತ್ತುವಾಗ ಬಾಯಿಂದ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. 12–15 ರೆಪ್ ಸಲೀಸಾಗಿ ಆಗುವ ಭಾರ ಸಾಕು. ಸೆಟ್ ಮುಗಿದ ಕೂಡಲೇ ದಡಕ್ಕನೆ ಏಳಬೇಡಿ, ಅರ್ಧ ನಿಮಿಷ ಕೂತು ಏಳಿ. ಕೆಲವು ಬಿಪಿ ಮಾತ್ರೆಗಳಿಂದ ಎದ್ದಾಗ ತಲೆ ಸುತ್ತುವುದುಂಟು. ವಿಶ್ರಾಂತಿಯಲ್ಲಿ ಅಳೆದಾಗ 180/110 ಮೀರಿದ್ದರೆ ಆ ದಿನ ಭಾರ ಮುಟ್ಟಬೇಡಿ, ವೈದ್ಯರನ್ನು ಕಾಣಿ. ಎದೆ ಹಿಂಡಿದ ಹಾಗೆ, ಎಡಗೈಗೋ ದವಡೆಗೋ ನೋವು ಹರಿದ ಹಾಗೆ ಆದರೆ ಸ್ನಾಯು ಹಿಡಿದಿದೆ ಎಂದುಕೊಂಡು ಕಾಯಬೇಡಿ. ಮನೆಯವರನ್ನು ಎಬ್ಬಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ. ಶುರು ಮಾಡುವ ಮೊದಲು ನಿಮ್ಮ ವೈದ್ಯರಿಗೆ ಒಂದು ಮಾತು ಹೇಳಿಯೇ ಶುರು ಮಾಡಿ, ಇದನ್ನು ತಪ್ಪಿಸಬೇಡಿ.

ಪ್ರಶ್ನೆ:
ಡೆಡ್‌ಲಿಫ್ಟ್‌ಗೆ ಟೈಲ್ಸ್ ಒಡೆಯುತ್ತಾ?

ಉತ್ತರ:
ಒಡೆಯಬಹುದು. ಕೆಳಗೆ ಪ್ಲೈವುಡ್, ಅದರ ಮೇಲೆ 15–20 ಮಿಲಿಮೀಟರ್ ದಪ್ಪದ ಗಟ್ಟಿ ರಬ್ಬರ್ ಮ್ಯಾಟ್ ಹಾಕಿ. ಯೋಗಕ್ಕೆ ಬಳಸುವ ಮೆತ್ತನೆಯ ಮ್ಯಾಟ್ ಬೇಡ, ಕಾಲು ಹೂತು ಸಮತೋಲ ತಪ್ಪುತ್ತದೆ. ಓಟದ ಶೂ ಕೂಡ ಅದೇ ಕಾರಣಕ್ಕೆ ಬೇಡ.

ಪ್ರಶ್ನೆ (ಮೊದಲು ಕೇಳಿದವರು, ಐದು ವಾರದ ನಂತರ):
ಸರ್, ರ್‍ಯಾಕ್ ಬಂತು. ನೀವು ಹೇಳಿದ ಹಾಗೆ ಖಾಲಿ ಬಾರ್‌ನಲ್ಲಿ ಬೆಂಚ್ ಪ್ರೆಸ್ ಸೋಲುವುದನ್ನು ಹತ್ತು ಸಲ ಅಭ್ಯಾಸ ಮಾಡಿದೆ. ಮೊದಲು ರಾಡ್ ಒಂದು ತೂತು ತಗ್ಗಿತ್ತು, ಬಾರ್ ಗಂಟಲಿಗೆ ತಾಗಿತು, ಎದೆ ಝಲ್ ಎಂದಿತು. ಸರಿ ಮಾಡಿದೆ. ನಿನ್ನೆ 55 ಕೆಜಿ ಎಂಟು ರೆಪ್ ಆಯಿತು. ಸ್ಕ್ವಾಟ್‌ಗೂ (ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವುದು) ರಾಡ್ ಅದೇ ತೂತಿನಲ್ಲಿ ಬಿಡಬಹುದಾ?

ಉತ್ತರ:
ಬಹಳ ಸಂತೋಷ ಆಯಿತು. ಗಂಟಲಿಗೆ ಖಾಲಿ ಬಾರ್ ತಾಗಿ ಗೊತ್ತಾದದ್ದು ಒಳ್ಳೆಯದಾಯಿತು.

ಸ್ಕ್ವಾಟ್‌ಗೆ ಬೇರೆ ತೂತು. ಖಾಲಿ ಬಾರ್ ಹೊತ್ತು ನೀವು ಇಳಿಯುವ ಅತಿ ತಳಕ್ಕೆ ಇಳಿಯಿರಿ, ಬಾರ್‌ನಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ ರಾಡ್ ಇರಲಿ. ಏಳಲಾಗದಿದ್ದರೆ ಮುಂದಕ್ಕೆ ಬಗ್ಗಬೇಡಿ, ನೇರ ಕೆಳಗೆ ಕೂತು ಬಾರನ್ನು ರಾಡ್‌ಗೆ ಒಪ್ಪಿಸಿ ಮುಂದಕ್ಕೆ ನುಸುಳಿ ಹೊರಗೆ ಬನ್ನಿ. ಬಾರ್ ಇಡುವ ಕೊಕ್ಕೆ ಎದೆಯ ನಡುಮಟ್ಟದಲ್ಲಿರಲಿ. ತುದಿಗಾಲಲ್ಲಿ ನಿಂತು ಬಾರ್ ಇಡಬೇಕಾದಷ್ಟು ಎತ್ತರದಲ್ಲಿದ್ದರೆ, ದಣಿದ ಕೊನೆಯ ರೆಪ್ ಮುಗಿಸಿ ಇಡುವಾಗ ಒಂದು ಕಡೆಯ ಕೊಕ್ಕೆ ತಪ್ಪುತ್ತದೆ. ಇಡುವಾಗ ಮೊದಲು ಬಾರನ್ನು ಎರಡೂ ಕಂಬಕ್ಕೆ ತಾಗಿಸಿ, ಆಮೇಲೆ ಇಳಿಸಿ.

ಎರಡೂ ವ್ಯಾಯಾಮದ ತೂತುಗಳಿಗೆ ಬೇರೆ ಬೇರೆ ಬಣ್ಣದ ಟೇಪ್ ಅಂಟಿಸಿಬಿಡಿ. ಬೆಳಗಿನ ಐದು ಗಂಟೆಯ ನಿದ್ದೆಗಣ್ಣಿನಲ್ಲಿ ತೂತು ಎಣಿಸುವ ಕೆಲಸ ಇರಬಾರದು.