ಕಟಪಾಡಿಯಿಂದ ಮಂಗಳೂರಿಗೆ ಎಲೆಕ್ಟ್ರಿಕ್ ಕಾರು: ಮೂವರನ್ನು ಜೊತೆಗೆ ಸೇರಿಸಿಕೊಳ್ಳುವುದಾ ಬೇಡವಾ?

ಕಟಪಾಡಿಯವಳು

ಮನೆ ಕಟಪಾಡಿ, ಕೆಲಸ ಕೊಡಿಯಾಲ್‌ಬೈಲಿನಲ್ಲಿ. ಹೋಗಿ ಬಂದು ಹತ್ತಿರ ಹತ್ತಿರ ನೂರು ಕಿಲೋಮೀಟರ್. ಟಿಯಾಗೊ ಇವಿ ತಗೊಂಡ ಮೇಲೆ ಪೆಟ್ರೋಲಿನ ಚಿಂತೆ ಇಲ್ಲ. ಆದ್ರೆ ಕೂಳೂರು ಸಂಕದ ಹತ್ರ ಬ್ಲಾಕ್ ಇದ್ದದ್ದೇ. ನನ್ನ ಕಾರಿಂದ ಹೊಗೆ ಬರುವುದಿಲ್ಲ ಸರಿ, ಬೈಕಂಪಾಡಿ ಕಡೆಯ ಟ್ಯಾಂಕರ್ ಹಿಂದೆ ಸಿಕ್ಕಿಬಿದ್ರೆ ಅದರ ಹೊಗೆ ಕುಡಿಯುವುದು ನಾನೇ. ಆಚೆ ಈಚೆ ನೋಡಿದ್ರೆ ಕಾರಿಗೊಂದು ತಲೆ. ನನ್ನದರಲ್ಲೂ ಅಷ್ಟೇ. ಪೆಟ್ರೋಲ್ ಕಾರಾದ್ರೂ ಕರೆಂಟ್ ಕಾರಾದ್ರೂ ರಸ್ತೆಯಲ್ಲಿ ಹಿಡಿಯುವ ಜಾಗ ಒಂದೇ ಅಲ್ವಾ?

ಕಾಪು, ಪಡುಬಿದ್ರಿ, ಮುಲ್ಕಿಯಿಂದ ಒಬ್ಬೊಬ್ಬರು ನಮ್ಮ ಆಫೀಸಿನ ಆಸುಪಾಸಿಗೇ ಬರುವವರು. ಮೂವರೂ ಈಗ ಅವರವರ ಕಾರಲ್ಲೇ ಬರುವುದು. "ನಿಮ್ಮ ಜೊತೆಗೇ ಬರ್ತೇವೆ, ಖರ್ಚು ಕೊಡ್ತೇವೆ" ಅಂತಾರೆ. ಹಣ ತಗೊಳ್ಳಬಹುದಾ? ಎಷ್ಟು? ಕಾಯುವ ರಗಳೆ ಹೇಗೆ? "ಪೊಕ್ಕಡೆ ತಲೆನೋವು, ಬಸ್ಸು ಉಂಟಲ್ಲ" ಅಂತ ಅಪ್ಪ ಹೇಳ್ತಿದ್ದಾರೆ.

ಹಳೆಯಂಗಡಿ ಜಂಕ್ಷನ್

ಅಕ್ಕಾ, ಸೇರಿಸಿಕೊಳ್ಳಿ. ನಾವು ನಾಲ್ಕು ಜನ ಹೀಗೇ ಹೋಗುವುದು, ಕಾರು ಮಾತ್ರ ಡೀಸೆಲ್ಲಿನದ್ದು. ಜಗಳ ಹಣದಿಂದ ಆಗುವುದಲ್ಲ, ನಿಲ್ಲುವ ಜಾಗದಿಂದ. ಹೈವೇ ಆದ ಮೇಲೆ ಈಚೆಯಿಂದ ಆಚೆ ದಾಟುವುದೇ ಒಂದು ಕೆಲಸ. ಸಮುದ್ರದ ಬದಿಯ ಮನೆಯವರು "ಇಲ್ಲೇ ಯೂ ಟರ್ನ್ ಹೊಡೀರಿ ಮಾರಾಯ್ರೆ" ಅಂತ ಫೋನ್ ಮಾಡ್ತಾರೆ. ಮಾಡಲೇಬೇಡಿ. ಮಂಗಳೂರಿಗೆ ಹೋಗುವ ಬದಿಯಲ್ಲಿ, ಸರ್ವಿಸ್ ರೋಡ್ ಇದ್ರೆ ಅಲ್ಲಿ, ಅವರೇ ಬಂದು ನಿಂತಿರಬೇಕು. ಎರಡು ನಿಮಿಷ ನೋಡುವುದು, ಬರದಿದ್ರೆ ಹೊರಡುವುದು. ಹಿಂದೆ ಎಕ್ಸ್‌ಪ್ರೆಸ್ ಬಸ್ಸು ಹೇಗೂ ಬರ್ತದೆ. ಒಂದು ಸಲ ಬಿಟ್ಟು ಹೋದ್ರೆ ಮತ್ತೆ ಯಾರೂ ತಡ ಮಾಡುವುದಿಲ್ಲ.

ಸಂಜೆದ್ದು ಬೇರೆ ಕತೆ. ನಮ್ಮಲ್ಲೊಬ್ಬರು ಮನೆಗೆ ಮೀನು ತಗೊಂಡೇ ಹೋಗುವವರು. ಎಸಿ ಹಾಕಿ ಗ್ಲಾಸ್ ಏರಿಸಿದ ಕಾರಲ್ಲಿ ಒಂದು ಕಿಲೋ ಬೂತಾಯಿ ಇದ್ರೆ ಸುರತ್ಕಲ್ ಮುಟ್ಟುವಾಗ ಉಳಿದವರ ಮುಖ ನೋಡ್ಬೇಕು! ಈಗ ಡಿಕ್ಕಿಯಲ್ಲಿ ಮುಚ್ಚಳ ಇರುವ ಬಕೆಟ್ ಇಟ್ಟಿದ್ದೇವೆ. ಮಳೆಗಾಲದಲ್ಲಿ ಒದ್ದೆ ಕೊಡೆಗೂ ಅದೇ ಜಾಗ.

ಕರಿ ಕೋಟು

ಹಣದ ವಿಷಯ ಜಾಗ್ರತೆ. ನಿಮ್ಮದು ಹಸಿರು ನಂಬರ್ ಬೋರ್ಡಿನಲ್ಲಿ ಬಿಳಿ ಅಕ್ಷರ, ಅಂದ್ರೆ ಸ್ವಂತ ಬಳಕೆಗೆ. ಬಾಡಿಗೆಗೆ ಓಡುವ ಎಲೆಕ್ಟ್ರಿಕ್ ಗಾಡಿಗೆ ಅದೇ ಹಸಿರಿನ ಮೇಲೆ ಹಳದಿ ಅಕ್ಷರ, ಅದಕ್ಕೆ ಪರ್ಮಿಟ್ ನಿಯಮವೇ ಬೇರೆ. ಗುರುತಿನವರು ಖರ್ಚು ಹಂಚಿಕೊಳ್ಳುವುದಕ್ಕೂ, ಆ್ಯಪಿನಲ್ಲಿ ಸೀಟಿಗಿಷ್ಟು ಅಂತ ಹಾಕಿ ಅಪರಿಚಿತರನ್ನು ಹತ್ತಿಸುವುದಕ್ಕೂ ವ್ಯತ್ಯಾಸ ಉಂಟು. ಎರಡನೆಯದಕ್ಕೆ ಕೈ ಹಾಕಬೇಡಿ. ಒಂದು ರೂಪಾಯಿ ಲಾಭವೂ ಇಟ್ಟುಕೊಳ್ಳಬೇಡಿ.

ಬ್ಲಾಕಿಗಿಂತ ದೊಡ್ಡ ಸಂಗತಿ ಇನ್ಶೂರೆನ್ಸ್. ಬರೇ ಥರ್ಡ್ ಪಾರ್ಟಿ ಪಾಲಿಸಿ ಇದ್ರೆ ನಿಮ್ಮ ಕಾರೊಳಗೆ ಕೂತವರಿಗೆ ಅದು ಆಗುವುದಿಲ್ಲ. ಫುಲ್ ಪಾಲಿಸಿ ಬೇಕು. ಅದರಲ್ಲೂ ಬಾಡಿಗೆಗೆ ಓಡಿಸಿದ್ದು ಅಂತ ಕಂಡ್ರೆ ಕಂಪನಿಯವರು ತಕರಾರು ತೆಗೀತಾರೆ.

ಹೆಜಮಾಡಿ ಟೋಲಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿ. 2025ರ ಆಗಸ್ಟ್‌ನಲ್ಲಿ ಶುರುವಾದಾಗ 3000 ರೂಪಾಯಿ ಇತ್ತು, 200 ಟ್ರಿಪ್, ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಅದೂ ಸ್ವಂತ ಬಳಕೆಯ ಗಾಡಿಗಳಿಗೆ ಮಾತ್ರ.

ಎಲ್ಲೂರಿನ ಗಾಳಿ

ಪರಿಸರ ಅಂತ ಹೊರಟವರು ಪಡುಬಿದ್ರಿ ಹತ್ರ ಎಡಕ್ಕೊಮ್ಮೆ ನೋಡಿ. ಕಾಣುವುದು ನಮ್ಮೂರಿನ ಚಿಮಣಿ, 1200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ. ಕಲ್ಲಿದ್ದಲು ಬರುವುದು ಹಡಗಿನಲ್ಲಿ, ಪಣಂಬೂರು ಬಂದರಿಗೆ. ನಿಮ್ಮ ಕಾರಿನ ಹೊಗೆ ಇಲ್ಲಿಗೆ ಬಂತು ಅಷ್ಟೇ. ಅಪ್ಪ ಹೇಳಿದ್ದೇ ಸರಿ. ಒಂದು ಬಸ್ಸಲ್ಲಿ ನಲ್ವತ್ತು ಜನ ಹೋಗ್ತಾರೆ.

ಹಳೆಯಂಗಡಿ ಜಂಕ್ಷನ್

ಎಲ್ಲೂರಿನವರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದ್ರೆ ಗ್ರಿಡ್ಡಿಗೆ ಶರಾವತಿಯ ನೀರಿನ ಕರೆಂಟೂ ಬರ್ತದೆ, ಪಾವಗಡದ ಸೋಲಾರೂ ಬರ್ತದೆ. ಅಕ್ಕನಿಗೆ ಆಫೀಸಲ್ಲಿ ಹಗಲು ಚಾರ್ಜ್ ಹಾಕ್ಲಿಕ್ಕೆ ಬಿಟ್ರೆ ಅಷ್ಟು ಒಳ್ಳೇದು, ಸೋಲಾರ್ ಇರುವುದೇ ಹಗಲಿಗೆ. ಬಸ್ಸಿನ ಮಾತು ಒಪ್ಪಿದೆ. ಆದ್ರೆ ಕಾರು ಬಿಡದವರನ್ನು ಬಸ್ಸಿಗೆ ಹತ್ತಿಸುವುದಕ್ಕಿಂತ ಇನ್ನೊಬ್ಬರ ಕಾರಿಗೆ ಹತ್ತಿಸುವುದು ಸುಲಭ.

ಕಟಪಾಡಿಯವಳು

ಎಲ್ಲರಿಗೂ ಥ್ಯಾಂಕ್ಸ್. ಲೆಕ್ಕ ಹಾಕಿದೆ. ಒಂದು ಯುನಿಟ್ಟಿಗೆ ಏಳು ಕಿಲೋಮೀಟರ್ ಅಂತ ಹಿಡಿದ್ರೆ ದಿನಕ್ಕೆ ಹದಿನಾಲ್ಕು, ಹದಿನೈದು ಯುನಿಟ್. ಯುನಿಟ್ಟಿಗೆ ಏಳು ರೂಪಾಯಿ ಅಂತ ಇಟ್ರೂ ನೂರರ ಆಸುಪಾಸು. ನಾಲ್ವರು ಕೂತ್ರೆ ಸ್ವಲ್ಪ ಜಾಸ್ತಿ ಎಳೀಬಹುದು, ಇರಲಿ. ಬ್ಲಾಕಲ್ಲಿ ನಿಂತಾಗ ಎಸಿ ಬಿಟ್ರೆ ದೊಡ್ಡ ಖರ್ಚಿಲ್ಲ, ಬ್ರೇಕ್ ಹಿಡಿದಾಗ ಸ್ವಲ್ಪ ವಾಪಸ್ಸೂ ಬರ್ತದೆ. ಆದ್ರೆ ಮನೆಯಲ್ಲಿ ಚಾರ್ಜ್ ಮಾಡುವ ಕಾರಣ ತಿಂಗಳಿಗೆ 200 ಯುನಿಟ್ ದಾಟಿ ನಮ್ಮ ಗೃಹಜ್ಯೋತಿ ಹೋಗಿದೆ, ಮೆಸ್ಕಾಂ ಬಿಲ್ ಪೂರ್ತಿ ಕಟ್ಟುವುದು. ಅಪ್ಪನ ಅರ್ಧ ಸಿಟ್ಟು ಇದೇ.

ಹಾಗಾಗಿ ದಿನದ ಹಣ ಬೇಡ ಅಂದೆ. ಮೂವರಲ್ಲಿ ಇಬ್ಬರು, ವಾರಕ್ಕೊಂದೊಂದು ದಿನ ತಮ್ಮ ಕಾರು ತರ್ತಾರೆ, ಆ ದಿನ ನಾನು ಹಿಂದೆ ಕೂತು ನಿದ್ದೆ. ಮುಲ್ಕಿಯವರು ಕಾರಿನ ಬದಲು ಟೋಲ್ ಪಾಸ್ ಮಾಡಿಸ್ತೇನೆ ಅಂದ್ರು. ಕೋಟಿನವರೇ, ಅದೂ ಬಾಡಿಗೆಯ ಲೆಕ್ಕಕ್ಕೆ ಬರ್ತದಾ? ಸೋಮವಾರದಿಂದ ಶುರು. ಬಕೆಟ್ ಇವತ್ತೇ ತಗೊಂಡೆ, ಯಾಕಂದ್ರೆ ಪಡುಬಿದ್ರಿಯವರು ಈಗಲೇ ಕೇಳಿದ್ರು, "ಸಂಜೆ ಮೀನಿಗೆ ಎಲ್ಲಿ ನಿಲ್ಲಿಸ್ತೀರಿ?"